ಮುಟ್ಟದೆ ಸಾಗಿಸಬೇಕಾದ ಕಪಾಟು

ಮೂರನೇ ಸಲವೂ ಮಗಳೇ ಕಪಾಟಿಗೆ ಭುಜ ಕೊಟ್ಟಳು. ಅವಳ ಅಪ್ಪ, ಬೀದಿಯವರೆಲ್ಲ ಕವಾಯತು ಮೇಷ್ಟ್ರು ಎಂದು ಕರೆಯುವವರು, ಪೀ ಎಂದು ಸೀಟಿ ಊದಿದರು.

"ಮುಟ್ಟಬಾರದು ಅಂತ ಎಷ್ಟು ಸಲ ಹೇಳ್ಲಿ? ನೀನು ಆಫೀಸರು. ನಾನು, ನಿಮ್ಮಮ್ಮ ಸಿಪಾಯಿಗಳು. ಎತ್ತೋದು ನಮ್ಮ ಕೆಲಸ. ಗೊತ್ತಾಯ್ತಾ?"

"ಗೊತ್ತಾಯ್ತಪ್ಪ," ಎಂದು ಮಗಳು ಕೈಕಟ್ಟಿ ನಿಂತಳು. ಕೈ ಕಟ್ಟಬೇಡ ಎಂದರು, ಬಿಟ್ಟಳು. ತಲೆ ಎತ್ತು ಎಂದರು, ಎತ್ತಿದಳು.

ಸೈನ್ಯದ ಅಧಿಕಾರಿಗಳನ್ನು ತಯಾರು ಮಾಡುವ ಶಾಲೆಯ ಆಯ್ಕೆ ಬರುವ ಸೋಮವಾರ, ಉಳಿದಿದ್ದು ನಾಲ್ಕೇ ದಿನ. ಮುಂದಿನ ವರ್ಷಕ್ಕೆ ಅವಳ ವಯಸ್ಸು ಮೀರುತ್ತದೆ. ಇದೇ ಕೊನೆಯ ಅರ್ಜಿ. ಹೋದ ವರ್ಷ ಓಟ, ಬರಹ, ಸಂದರ್ಶನ ಎಲ್ಲದರಲ್ಲೂ ಮುಂದಿದ್ದವಳು ಒಂದು ಹಲಗೆಯಲ್ಲಿ ಮುಗ್ಗರಿಸಿದ್ದಳು. ಏಳು ಜನರನ್ನು ಅವಳ ಕೈಗೆ ಕೊಟ್ಟು, ಇವರಿಂದ ಈ ಹಲಗೆಯನ್ನು ಹಳ್ಳ ದಾಟಿಸಿ ಎಂದಿದ್ದರು. ಇವಳು ಯಾರಿಗೂ ತೊಂದರೆ ಕೊಡದೆ ತಾನೇ ಹೊತ್ತು ದಾಟಿಸಿ, ಬೆವರು ಒರೆಸಿಕೊಂಡು, ಆಯ್ತು ಸಾರ್ ಎಂದಳು. ಏಳೂ ಜನ ಚಪ್ಪಾಳೆ ತಟ್ಟಿದರಂತೆ. ಪರೀಕ್ಷಕರು ತಟ್ಟಲಿಲ್ಲ. ಹೇಳಿದ್ದನ್ನು ಚೆನ್ನಾಗಿ ಕೇಳುತ್ತಾರೆ, ಹೇಳುವುದಕ್ಕೆ ಬರುವುದಿಲ್ಲ ಎಂದು ಬರೆದು ಮನೆಗೆ ಕಳಿಸಿದರು.

ಬಾರದಿರುವುದಕ್ಕೆ ಕಾರಣ ಹಜಾರದಲ್ಲೇ ಸೀಟಿ ಕಚ್ಚಿಕೊಂಡು ನಿಂತಿತ್ತು. ಮೇಷ್ಟ್ರು ಅದೇ ಶಾಲೆಯಲ್ಲಿ ಇಪ್ಪತ್ತಾರು ವರ್ಷ ಕವಾಯತು ಕಲಿಸಿ ನಿವೃತ್ತರಾದವರು. ಮನೆಯಲ್ಲೂ ಏಳು, ಕೂರು, ಉಣ್ಣು, ದೀಪ ಆರಿಸು, ಎಲ್ಲವೂ ಆಜ್ಞೆಯೇ. ಮಗಳು ಅಪ್ಪ ಹಾಕಿದ ಗೆರೆ ದಾಟಿದವಳಲ್ಲ. ಆ ಶಾಲೆಯಲ್ಲೊಂದು ಪದ್ಧತಿ ಇದೆ: ಕಲಿತವರ ಹೆಗಲಿಗೆ ನಕ್ಷತ್ರ ಏರಿದ ದಿನ, ಅಲ್ಲಿಯವರೆಗೆ ಬೈದು ಬೆವರಿಳಿಸಿದ ಮೇಷ್ಟ್ರೇ ಅವರಿಗೆ ಮೊದಲ ಸಲ್ಯೂಟ್ ಹೊಡೆಯಬೇಕು. ಕಂಡವರ ಮಕ್ಕಳಿಗೆಲ್ಲ ಹೊಡೆದು ಸವೆದ ಕೈಗೆ, ಮನೆಯ ಮಗಳಿಗೂ ಒಂದು ಹೊಡೆಯಬೇಕೆಂಬ ಆಸೆ. ಅದನ್ನು ಬಾಯಿಬಿಟ್ಟು ಹೇಳದೆ ಸೀಟಿ ಊದುತ್ತಿದ್ದರು. ಅಮ್ಮನೋ, ಹಿತ್ತಲ ಗಿಡ ಮದ್ದಲ್ಲ ಕಣ್ರೀ, ಬೇರೆ ಯಾರ ಹತ್ತಿರವಾದರೂ ಕಲಿಯಲಿ ಬಿಡಿ ಎಂದು ಹೇಳಿ ಹೇಳಿ ಸಾಕಾಗಿ ಸುಮ್ಮನಾಗಿದ್ದಳು.

"ನಾಲ್ಕನೇ ಸಲ. ಕಪಾಟು ವರಾಂಡಕ್ಕೆ ಹೋಗಬೇಕು. ಆಜ್ಞೆ ಕೊಡು," ಎಂದರು ಮೇಷ್ಟ್ರು. "ಇದು ನನ್ನ ಆಜ್ಞೆ."

ಮಗಳು ಗಂಟಲು ಸರಿಮಾಡಿಕೊಂಡಳು. "ಅಪ್ಪ, ಬೆನ್ನುನೋವು ಇಲ್ಲ ಅಂದ್ರೆ... ಸ್ವಲ್ಪ ಎತ್ತಕ್ಕಾಗುತ್ತಾ?"

"ಶತ್ರುಗಳನ್ನೂ ಹೀಗೇ ಕೇಳ್ತೀಯಾ? ಬಿಡುವಿದ್ರೆ ಸ್ವಲ್ಪ ಶರಣಾಗ್ತೀರಾ ಅಂತ?" ಮೇಷ್ಟ್ರು ಹಣೆ ಚಚ್ಚಿಕೊಂಡು ನೀರು ಕುಡಿಯಲು ಒಳಗೆ ಹೋದರು. ಅಮ್ಮ ನೆಲ ಒರೆಸುವ ನೆಪದಲ್ಲಿ ಹೊಸ್ತಿಲಿನತ್ತ ಹೋಗಿಬಂದು, ಅಡ್ಡ ಮಲಗಿಸಿದ್ದ ಖಾಲಿ ಕಪಾಟಿನ ಒಂದು ತುದಿ ಹಿಡಿದಳು. ಮೇಷ್ಟ್ರು ಬಂದು ಬಾಗಿಲ ಕಡೆಯ ತುದಿ ಎತ್ತಿ, ಹಿಂದುಹಿಂದಕ್ಕೆ ನಡೆಯತೊಡಗಿದರು.

ಹೊಸ್ತಿಲಿನ ಬದಿಯಲ್ಲೇ ನೆಲ ಒರೆಸಿದ ನೀರಿನ ಬಕೆಟ್ ಇತ್ತು. ಮಗಳು ನೋಡಿದಳು. ಅಪ್ಪ ಇನ್ನೊಂದು ಸಲ ಬಿದ್ದರೆ ಮೂರು ತಿಂಗಳು ಹಾಸಿಗೆಯೇ ಗತಿ ಎಂದು ಡಾಕ್ಟರು ಹೇಳಿದ್ದು ನೆನಪಾಯಿತು. ಅಮ್ಮನ ಕಡೆ ನೋಡಿದರೆ ಅಮ್ಮ ತುಟಿ ಪಿಟಿಕ್ಕೆನ್ನದೆ ಇವಳ ಮುಖವನ್ನೇ ನೋಡುತ್ತಿದ್ದಳು. ಓಡಿಹೋಗಿ ಹಿಡಿಯೋಣವೆಂದರೆ ನಡುವೆ ಕಪಾಟು. ಇನ್ನೆರಡು ಹೆಜ್ಜೆ. ಇನ್ನೊಂದು.

"ಹಾಲ್ಟ್!"

ಬೀದಿಯಲ್ಲಿ ಹೋಗುತ್ತಿದ್ದ ಪತ್ರಿಕೆಯವನು ಬ್ರೇಕ್ ಹಾಕಿ ಕಾಲು ಕೆಳಗಿಟ್ಟ. ಮೇಷ್ಟ್ರ ಕಾಲು ಮೇಷ್ಟ್ರನ್ನೇ ಕೇಳದೆ ಹಿಮ್ಮಡಿಗೆ ಹಿಮ್ಮಡಿ ಬಡಿದು ನಿಂತಿತು.

"ಅಮ್ಮ, ಮೊದಲು ನೀನು ಇಳಿಸು. ಅಪ್ಪ, ಮಂಡಿ ಬಗ್ಗಿಸಿ, ಬೆನ್ನು ಬೇಡ. ಹಾಂ. ಈಗ ಹಿಂದೆ ತಿರುಗಿ ನೋಡಿ. ಆ ಬಕೆಟ್ ಅಲ್ಲಿಟ್ಟಿದ್ದು ಯಾರು?"

ಬಕೆಟ್ ಇಟ್ಟ ನೆನಪು ಮೇಷ್ಟ್ರಿಗೆ ಇರಲಿಲ್ಲ. ಆದರೆ ಅಂಥ ದನಿಯ ಮುಂದೆ ವಾದ ಮಾಡಿದ ಅಭ್ಯಾಸವೂ ಇರಲಿಲ್ಲ. "ತಪ್ಪಾಯ್ತು, ಮೇಡಂ," ಎಂದರು.

ಬಕೆಟ್ ಪಕ್ಕಕ್ಕೆ ಹೋಯಿತು. ಎರಡೇ ನಿಮಿಷದಲ್ಲಿ ಕಪಾಟು ವರಾಂಡದಲ್ಲಿತ್ತು. ಮಗಳು ಅದಕ್ಕೆ ಬೆರಳೂ ಸೋಕಿಸಿರಲಿಲ್ಲ. ಆಮೇಲೆ ತಾನು ಯಾರ ಮೇಲೆ ಕೂಗಾಡಿದೆನೆಂದು ಹೊಳೆದು ಅಡುಗೆಮನೆಗೆ ಓಡಿದಳು. ಅಮ್ಮ ಹಿಂದೆಯೇ ಬಂದಳು.

"ಬಕೆಟ್ ಇಟ್ಟಿದ್ದು ನಾನೇ ಕಣೇ."

"ಅಪ್ಪ ಬಿದ್ದಿದ್ರೆ?"

"ಆ ಕಡೆ ತುದಿ ನನ್ನ ಕೈಲೇ ಇತ್ತಲ್ಲ, ಬಿಗಿಯಾಗಿ ಎಳೆದು ಹಿಡಿದಿದ್ದೆ. ನಿನ್ನ ಬಾಯಿ ತೆಗೆಸಕ್ಕೆ ನನಗೆ ಬೇರೆ ದಾರಿ ಕಾಣಲಿಲ್ಲ."

ಮಗಳಿಗೆ ನಗು, ಅಳು ಎರಡೂ ಒಟ್ಟಿಗೆ ಬಂತು. "ಸೋಮವಾರ ಅಲ್ಲಿ ಬಕೆಟ್ ಇರಲ್ಲಮ್ಮ."

"ನಿಮ್ಮಪ್ಪಾನೂ ಇರಲ್ಲ," ಎಂದಳು ಅಮ್ಮ. "ಹೋಗು, ಮೊದಲು ಅವರನ್ನ ಬಿಡಿಸು. ನೀನು ಹೇಳೋವರೆಗೂ ಅವರು ಅಲ್ಲಾಡಲ್ಲ."

ಮಗಳು ಬಾಗಿಲಿಂದ ಇಣುಕಿದಳು. ಕಪಾಟಿನ ಪಕ್ಕದಲ್ಲಿ ಮೇಷ್ಟ್ರು ಎದೆಯುಬ್ಬಿಸಿ, ಹಿಮ್ಮಡಿ ಜೋಡಿಸಿ, ನೆಟ್ಟಗೆ ನಿಂತೇ ಇದ್ದರು. ಅವಳನ್ನು ಕಂಡೊಡನೆ ಬಲಗೈ ತಾನಾಗಿ ಹಣೆಯವರೆಗೆ ಎದ್ದಿತು. ಇನ್ನೂ ಆ ದಿನ ಬಂದಿಲ್ಲವೆಂದು ನೆನಪಾಗಿ, ಹುಬ್ಬು ಕೆರೆದುಕೊಂಡು ಕೆಳಗಿಳಿಯಿತು.