ಹೊರಹೋದ ಸಮಯ: 1.40

ಗೆಳೆಯರೇ, ಇದು ಎಲ್ಲಿಂದಲೋ ಬಂದ ಫಾರ್ವರ್ಡ್ ಅಲ್ಲ... ನನ್ನ ಕೈಯಿಂದಲೇ ಆದದ್ದು. ಪೂರ್ತಿ ಓದಿ, ಆಮೇಲೆ ಬೇಕಾದರೆ ಬೈಯಿರಿ.

ನನ್ನ ಹೆಸರು ಚನ್ನವೀರ. ಹುಬ್ಬಳ್ಳಿಯಲ್ಲಿ ಒಂದು ಸೆಲ್ಫ್ ಸ್ಟೋರೇಜ್ ಗೋದಾಮಿನ ಮ್ಯಾನೇಜರ್.

ತಗಡಿನ ಛಾವಣಿಯ ಕೆಳಗೆ ನಲವತ್ತು ಸಣ್ಣ ಕೋಣೆ, ಒಂದೊಂದಕ್ಕೂ ಒಂದು ಶಟರ್. ಮನೆ ಬದಲಿಸುವವರು, ಅಂಗಡಿ ಮುಚ್ಚಿದವರು ಸಾಮಾನು ಇಟ್ಟು ತಮ್ಮದೇ ಬೀಗ ಹಾಕಿಕೊಂಡು ಹೋಗುತ್ತಾರೆ. ಯಾರಾದರೂ ಬೀಗ ಮರೆತು ಹೋದರೆ ನಾವು ಆಫೀಸಿನ ಬೀಗ ಹಾಕುತ್ತೇವೆ.

ಗೇಟಿನಲ್ಲಿ ಒಂದು ರಿಜಿಸ್ಟರ್... ಹೆಸರು, ಒಳಗೆ ಬಂದ ಸಮಯ, ಹೊರಹೋದ ಸಮಯ.

ಬರುವಾಗ ಎಲ್ಲರೂ ಬರೆಯುತ್ತಾರೆ. ಹೋಗುವಾಗ ಅರ್ಧ ಜನ ಕೈ ಬೀಸಿ ಹೋಗಿಬಿಡುತ್ತಾರೆ. ಖಾನೆ ಖಾಲಿ ಕಂಡರೆ ಮಾಲೀಕರು ಸಿಡಿಮಿಡಿ. ಅದಕ್ಕೆ ದಿನದ ಕೊನೆಗೆ ಉಳಿದ ಖಾನೆಗಳನ್ನೆಲ್ಲ ನಾನೇ ಅಂದಾಜಿನ ಮೇಲೆ ತುಂಬಿ, ಫೋಟೋ ತೆಗೆದು ಅವರಿಗೆ ಕಳಿಸುತ್ತಿದ್ದೆ.

"ರಿಜಿಸ್ಟರ್ ಅಂದ್ರ ಹಿಂಗಿರಬೇಕು ನೋಡ್ರಿ!" ಅಂತ ಮಾಲೀಕರು ಎಲ್ಲರ ಮುಂದೆ ಹೊಗಳಿದ್ದರು. ನಾನು ಉಬ್ಬಿಹೋಗಿದ್ದೆ... ಮಂಗನ ಹಾಗೆ.

31ನೇ ಕೋಣೆ ಶಕುಂತಲಾಬಾಯಿ ಹಾವನೂರ ಅವರದು. ವಯಸ್ಸು ಅರವತ್ತೆಂಟು. ತೀರಿಹೋದ ಯಜಮಾನರ ಫೋಟೋ ಸ್ಟುಡಿಯೋದ ಸಾಮಾನು ಅಲ್ಲಿತ್ತು. ಶನಿವಾರ ಬಂದು, ಶಟರ್ ಅರ್ಧ ಇಳಿಸಿಕೊಂಡು, ಸ್ಟುಡಿಯೋದ ಹಳೆ ಕುರ್ಚಿಯಲ್ಲಿ ಸ್ವಲ್ಪ ಹೊತ್ತು ಕೂತು ಹೋಗುತ್ತಿದ್ದರು.

ಅದು ಮೇ ತಿಂಗಳ ಶನಿವಾರ. ಮಧ್ಯಾಹ್ನ ಎರಡಕ್ಕೆ ನಮ್ಮಲ್ಲಿ ಬಂದ್... ಮತ್ತೆ ತೆಗೆಯುವುದು ಸೋಮವಾರ.

ಮನೆಯಲ್ಲಿ ಹೋಳಿಗೆ ಮಾಡಿದ್ದರು. ನನ್ನ ಪ್ರಾಣವೆಲ್ಲ ಅಲ್ಲೇ. ಗಡಿಬಿಡಿಯಲ್ಲಿ ಒಂದು ಸುತ್ತು ಹಾಕಿದೆ. 31ರ ಶಟರ್ ಪೂರ್ತಿ ಇಳಿದಿತ್ತು, ಬೀಗ ಇರಲಿಲ್ಲ. ಅಮ್ಮಾರು ಮರೆತು ಹೋಗಿದ್ದಾರೆ ಅಂದುಕೊಂಡು ಆಫೀಸಿನ ಬೀಗ ಜಡಿದೆ. ಕರೆಂಟಿನ ಮೇನ್ ಆಫ್ ಮಾಡಿದೆ.

ಎತ್ತಿ ನೋಡಲಿಲ್ಲ. ಕೂಗಲೂ ಇಲ್ಲ.

ರಿಜಿಸ್ಟರಿನಲ್ಲಿ ಅವರ ಹೆಸರಿನ ಮುಂದೆ ಖಾಲಿ ಇತ್ತು... 1.40 ಅಂತ ಬರೆದೆ.

ಮೂರೂವರೆಗೆ ಅವರ ಮಗಳು ವೈಜಯಂತಿ ಫೋನ್ ಮಾಡಿದರು.

"ಅವ್ವ ಇನ್ನೂ ಮನಿಗೆ ಬಂದಿಲ್ರಿ... ಫೋನೂ ಹತ್ತವಲ್ದು. ಅಲ್ಲೇ ಅದಾಳೇನ್ರಿ?"

ನಾನು ಮೊಬೈಲಿನಲ್ಲಿದ್ದ ರಿಜಿಸ್ಟರ್ ಫೋಟೋ ನೋಡಿದೆ. "ಇಲ್ರಿ ಮೇಡಂ, 1.40ಕ್ಕ ಹೋಗ್ಯಾರ. ಬರದದ್ದು ಐತಿ ನೋಡ್ರಿ" ಅಂದೆ. ಫೋಟೋ ಕೂಡ ಕಳಿಸಿದೆ!

ನಾನೇ ಬರೆದ ಸುಳ್ಳನ್ನು ನಾನೇ ನಂಬಿದ್ದೆ.

ಐದೂವರೆಗೆ ಮತ್ತೆ ಫೋನ್. ಈ ಸಲ ದನಿ ಒಡೆದಿತ್ತು. "ಪೊಲೀಸ್ ಸ್ಟೇಷನ್ನಿಗೆ ಬಂದೀವ್ರಿ... ಅವ್ವ ಹೊರಗ ಬಂದಾಕಿ ಯಾವ ಕಡೆ ಹೋದ್ಲು? ಆಟೋ ಹತ್ತಿದ್ಲೇನ್ರಿ?"

ನೆನಪು ಮಾಡಿಕೊಳ್ಳಲು ಹೋದೆ... ಅವರು ಗೇಟು ದಾಟಿದ್ದು ನೆನಪಿಗೆ ಬರಲೇ ಇಲ್ಲ. ನೆನಪಾದದ್ದು ಬರೆಯುತ್ತಿದ್ದ ನನ್ನ ಪೆನ್ನು. ಆಮೇಲೆ... ಆ ಬೀಗ.

"ಮೇಡಂ, ಗೋದಾಮಿಗೆ ಬರ್ರಿ, ಆಂಬುಲೆನ್ಸ್ ಕರೀರಿ" ಅಂದೆ. ಚಪ್ಪಲಿಯಿಲ್ಲದೆ ಸ್ಕೂಟರ್ ಹತ್ತಿದೆ.

ದಾರಿಯುದ್ದಕ್ಕೂ ಲೆಕ್ಕ ಒಂದೇ... ಮೂರೂವರೆ ತಾಸು. ಕಾದ ತಗಡು. ಒಂದು ಕಿಟಕಿಯೂ ಇಲ್ಲ. ಫೋನಿಗೆ ಸಿಗ್ನಲ್ ಇಲ್ಲ. ದೇವರೇ, ಆ ಶಟರ್ ಎತ್ತಿದಾಗ ನಾನು ಏನನ್ನು ನೋಡಬೇಕು?

ಗೋದಾಮಿನಲ್ಲಿ ಒಂದು ಸಪ್ಪಳವೂ ಇರಲಿಲ್ಲ. "ಅಮ್ಮಾರ!" ಅಂತ ಶಟರ್ ಬಡಿದೆ. ಉತ್ತರವಿಲ್ಲ. ಬೀಗ ತೆಗೆದ ಮೇಲೂ ಶಟರ್ ಎತ್ತಲು ಧೈರ್ಯ ಸಾಲಲಿಲ್ಲ... ನಿಜ ಹೇಳುತ್ತೇನೆ, ಒಂದು ಕ್ಷಣ ಓಡಿಹೋಗೋಣ ಅನ್ನಿಸಿತು.

ಎತ್ತಿದೆ.

ಅವರು ನೆಲದ ಮೇಲೆ ಮಲಗಿದ್ದರು. ಶಟರಿನ ಅಡಿಯ ಸಂದಿಗೆ ಮೂಗು ಹಚ್ಚಿಕೊಂಡು... ಉಸಿರಿತ್ತು.

ಮರುದಿನ ಆಸ್ಪತ್ರೆಯಲ್ಲಿ ವೈಜಯಂತಿ ನನಗೆ ಕೈ ಮುಗಿದರು. "ನೀವು ನೆನಪು ಮಾಡ್ಕೊಂಡು ಬಂದ್ರಿ ಅಂತ ನಮ್ಮವ್ವ ಉಳದ್ಲು" ಅಂದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಶಕುಂತಲಾಬಾಯಿ ನನ್ನ ಕೈ ಹಿಡಿದುಕೊಂಡರು.

"ತಮ್ಮಾ, ಯಾಕೋ ನಿನ್ನಿ ಅಳು ಬಂದಿತ್ತು. ಯಾರರ ನೋಡ್ತಾರಂತ ಶಟರ್ ಪೂರಾ ಇಳಿಸಿದೆ. ಕುಂತಲ್ಲೇ ನಿದ್ದಿ ಹತ್ತೇತಿ. ಎಚ್ಚರಾದಾಗ ಬರೇ ಕತ್ತಲ... ಭಾಳ ಅಂಜಿದೆ. ಬಡದೆ, ಒದರಿದೆ, ಯಾರೂ ಬರಲಿಲ್ಲ."

ಸ್ವಲ್ಪ ನೀರು ಕುಡಿದು ಮುಂದುವರಿಸಿದರು.

"ಆಮ್ಯಾಲೆ ನೆನಪಾತು... ನಾ ಹೋದ ಟೈಮ್ ಬರದಿಲ್ಲಲ್ಲ, ಆ ಖಾನಿ ಖಾಲಿ ಐತಿ. ಚನ್ನವೀರ ಅದನ್ನ ನೋಡೇ ನೋಡ್ತಾನ, ಬಂದೇ ಬರ್ತಾನ ಅಂತ ಒದರೋದು ಬಿಟ್ಟು ಸುಮ್ನ ಮಲಗಿದೆ."

ನಾನು ಮಂಚದ ಕಾಲು ಹಿಡಿದು ಅತ್ತುಬಿಟ್ಟೆ.

"ಅದು ಖಾಲಿ ಇರಲಿಲ್ರೀ ಅಮ್ಮಾರ... ನಾನ ತುಂಬಿದ್ದೆ. ಬೀಗ ಹಾಕಿದಾವನೂ ನಾನ."

ಅವರು ನನ್ನ ಕೈ ಬಿಟ್ಟರು. ಗೋಡೆಯ ಕಡೆ ಹೊರಳಿದರು. ಆಮೇಲೆ ಇಷ್ಟೇ ಅಂದರು...

"ಇನ್ನಮ್ಯಾಲೆ ಖಾಲಿ ಇದ್ರ ಖಾಲೀನ ಬಿಡಪಾ. ಖಾಲಿ ಇದ್ರ ಹುಡುಕಾಕರ ಬರ್ತಾರ."

ಇವತ್ತಿಗೂ ಒಂದು ಖಾನೆ ಖಾಲಿ ಕಂಡರೆ ಅದನ್ನು ಹಾಗೆಯೇ ಬಿಡುತ್ತೇನೆ. ಎದ್ದು ಹೋಗಿ, ಆ ಶಟರ್ ಎತ್ತಿ, ಹೆಸರು ಹಿಡಿದು ಕೂಗಿ ನೋಡಿಯೇ ಗೇಟು ಹಾಕುತ್ತೇನೆ.

*ನಾವು ನೋಡದೆ ತುಂಬುವ ಒಂದು ಖಾನೆಯನ್ನು ನಂಬಿ, ಯಾರೋ ಜೀವ ಹಿಡಿದುಕೊಂಡು ಕಾಯುತ್ತಿರಬಹುದು.*

ಇವತ್ತು ಕೆಲಸದಲ್ಲಿ ನೀವು ನೋಡದೆಯೇ "ನೋಡಿದ್ದೇನೆ" ಅಂತ ಬರೆದದ್ದು ಏನಾದರೂ ಇದೆಯೇ...?