ಅದೃಷ್ಟದ ಕಲ್ಲು

ಡೆಲಿಯಾ ಬಸ್ಸಿಗೆ ಅಡ್ಡ ನಿಂತಳು. ಐರ್ಲೆಂಡಿನ ಕಾನಮಾರ ಸೀಮೆಯ ಆ ರಸ್ತೆಯಲ್ಲಿ ಒಂದು ಬಸ್ಸು ಹೋದರೆ ಎರಡೂ ಬದಿಯ ಕಲ್ಲುಗೋಡೆಗೆ ಉಜ್ಜುತ್ತದೆ. ಮುದುಕಿಯನ್ನು ಬಳಸಿ ಹೋಗುವ ಮಾತೇ ಇರಲಿಲ್ಲ. ಚಾಲಕ ಹಾರ್ನ್ ಹೊಡೆದ. ಅವಳು ಕದಲಲಿಲ್ಲ. ಕೊನೆಗೆ ಕೋಲ್ಮನ್ ಇಳಿದು ಬಂದ.

ಕೋಲ್ಮನ್ ಅದೇ ಊರಿನವನು. ಪ್ರವಾಸಿಗರಿಗೆ ಐರ್ಲೆಂಡಿನ ಇತಿಹಾಸ, ಹಾಡು, ಕುಣಿತ ಎಲ್ಲವನ್ನೂ ಒಂದೇ ಬೆಳಗಿನಲ್ಲಿ ಉಣಬಡಿಸುವುದು ಅವನ ಕಸುಬು. ಅವತ್ತು ಹೊಸದೊಂದು ಸೇರಿಸಿದ್ದ. ಕಡಲ ಕಡೆಯ ದಿಬ್ಬದ ಮೇಲಿನ ಬಿಳಿ ಕಲ್ಲುಗಳನ್ನು ತೋರಿಸಿ, ಇದು ಯಕ್ಷಿಣಿಯರು ಕುಣಿಯುವ ಜಾಗ, ಒಂದೊಂದು ಕಲ್ಲು ಒಯ್ಯಿರಿ, ಅದೃಷ್ಟ ಬೆನ್ನಿಗೇ ಬರುತ್ತದೆ ಎಂದಿದ್ದ. ಆಮೇಲೆ ತಗಡಿನ ಕೊಳಲು ಊದಿ ಎಲ್ಲರನ್ನೂ ಅಲ್ಲೇ ಕುಣಿಸಿದ್ದ. ಯಕ್ಷಿಣಿಯರ ಜಾಗವೇ ಆಗಿದ್ದರೂ ಅಲ್ಲಿಂದ ಒಂದು ಕಡ್ಡಿಯನ್ನೂ ತರಬಾರದೆಂದು ಆ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ಕೋಲ್ಮನ್‌ಗೂ ಗೊತ್ತಿತ್ತು, ನಾಚಿಕೆಗೆಟ್ಟವನು.

ಚರ್ಚಿನಲ್ಲಿ ಪೂಜೆ ಮುಗಿಸಿ, ಪ್ರತಿ ಭಾನುವಾರದಂತೆ ಡೆಲಿಯಾ ದಿಬ್ಬ ಹತ್ತಿದಾಗ ಅಲ್ಲಿ ಒಂದು ಕಲ್ಲೂ ಇರಲಿಲ್ಲ. ನಲವತ್ತು ಕಾಲುಗಳು ಕುಣಿದು ನೆಲವನ್ನು ಕೆಸರು ಮಾಡಿ ಮಟ್ಟ ಹಾಕಿದ್ದವು. ಅಕ್ಕಪಕ್ಕದ ಕಲ್ಲು ನೋಡಿಯೇ ಅವಳು ತನ್ನ ಕಲ್ಲನ್ನು ಗುರುತು ಹಿಡಿಯುತ್ತಿದ್ದಳು. ಕೆಳಗೆ ಪ್ರವಾಸಿಗರು ಕಲ್ಲು ಹಿಡಿದು ಬಸ್ಸು ಹತ್ತುತ್ತಿದ್ದರು.

"ಡೆಲಿಯಮ್ಮಾ, ದಾರಿ ಬಿಡಿ. ಇವರ ಊಟಕ್ಕೆ ಹೊತ್ತಾಯ್ತು" ಎಂದ ಕೋಲ್ಮನ್.

"ಕಲ್ಲೆಲ್ಲ ಕೆಳಗಿಳಿಸು. ಆಮೇಲೆ ಉಣ್ಣೋಕೆ ಹೋಗು."

"ಕಲ್ಲು ತಾನೇ. ಕಡಲ ಹತ್ರ ಗಾಡಿಗಟ್ಟಲೆ ಬಿದ್ದಿದೆ, ನಾಳೆ ನಾನೇ ತಂದು ಹಾಕ್ತೀನಿ ಬಿಡಿ."

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಅವನನ್ನು ಪಕ್ಕಕ್ಕೆ ತಳ್ಳಿ ಬಸ್ಸು ಹತ್ತಿದಳು. ನಲವತ್ತೈದು ವರ್ಷ ಯಾರ ಮುಂದೆಯೂ ಆಡದ ಮಾತನ್ನು ಗುರುತು ಪರಿಚಯವಿಲ್ಲದವರ ಮುಂದೆ ಆಡಿದಳು. ನೀರೆರೆದು ಹೆಸರಿಡುವ ಜ್ಞಾನಸ್ನಾನಕ್ಕೆ ಮೊದಲೇ ಸತ್ತ ಕೂಸಿಗೆ ಚರ್ಚಿನ ಮಣ್ಣಿಲ್ಲ ಎಂದು ಪಾದ್ರಿಗಳು ಹೇಳುತ್ತಿದ್ದ ಕಾಲ ಅದು. ಹೆಸರಿಲ್ಲ, ಪ್ರಾರ್ಥನೆಯಿಲ್ಲ. ತಾಯಿ ಇನ್ನೂ ಬಾಣಂತಿ ಹಾಸಿಗೆಯಲ್ಲಿರುವಾಗಲೇ ತಂದೆ ಕೂಸನ್ನು ಸೋಪು ತುಂಬಿ ಬರುವ ಮರದ ಪೆಟ್ಟಿಗೆಯಲ್ಲಿಟ್ಟು, ಹೊತ್ತು ಮುಳುಗುವಾಗ ಕದ್ದ ಮಾಲಿನಂತೆ ದಿಬ್ಬಕ್ಕೆ ಒಯ್ದು ಮುಚ್ಚಿ, ಮೇಲೊಂದು ಬಿಳಿ ಕಲ್ಲು ಇಟ್ಟು ಬರಬೇಕಿತ್ತು. ಆಮೇಲೆ ಮನೆಯಲ್ಲಿ ಯಾರೂ ಆ ಸುದ್ದಿ ಎತ್ತುತ್ತಿರಲಿಲ್ಲ. ನನ್ನ ಮಗಳೂ ಅಲ್ಲೇ ಇದ್ದಾಳೆ, ನೀವು ಕುಣಿದದ್ದು ಅವಳ ಮೇಲೆ ಎಂದಳು.

ಮುಂದಿನ ಸೀಟಿನ ಹೆಂಗಸೊಬ್ಬಳು ಅಳುತ್ತಲೇ ಕೈಚೀಲದಿಂದ ಕಲ್ಲು ತೆಗೆದು ಬಾಗಿಲ ಬಳಿ ಇಟ್ಟಳು. ಒಬ್ಬೊಬ್ಬರಾಗಿ ಎಲ್ಲರೂ ಇಟ್ಟರು. ಸಣ್ಣ ರಾಶಿಯೇ ಆಯಿತು.

ಕೋಲ್ಮನ್ ಮುಖ ಕೆಂಪಾಗಿತ್ತು. ಅವನ ಸಿಟ್ಟೂ ಸುಳ್ಳಲ್ಲ. "ನಾನೂ ಈ ಊರಲ್ಲೇ ಹುಟ್ಟಿದ್ದು. ಇಷ್ಟು ವರ್ಷದಲ್ಲಿ ಒಬ್ರಾದ್ರೂ ಒಂದು ಮಾತು ಹೇಳಿದ್ರಾ? ಬಾಯಿ ಮುಚ್ಕೊಂಡಿದ್ದೋರು ನೀವು, ಜನರ ಮುಂದೆ ಮಾನ ಹೋಗಿದ್ದು ನಂದು."

ಹೇಳಬೇಕಿತ್ತು ಎಂದು ಡೆಲಿಯಾ ಒಪ್ಪಿಕೊಂಡಳು. ಅವನ ದನಿ ತುಸು ತಗ್ಗಿತು. ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ನಿಮ್ಮ ಮಗಳ ಕಲ್ಲು ಯಾವುದು ತೋರಿಸಿ, ಮೊದಲು ಅದನ್ನೇ ಒಯ್ದು ಇಡುತ್ತೇನೆ ಎಂದ.

ಅವಳು ಬಹಳ ಹೊತ್ತು ನೋಡಿದಳು. ಎಲ್ಲವೂ ಬಿಳಿ, ಎಲ್ಲವೂ ಮುಷ್ಟಿಗಾತ್ರ.

"ನಂದು ಯಾವುದು ಅಂತ ನಂಗೇ ತಿಳೀತಿಲ್ಲ" ಎಂದಳು. "ನಿನಗಿಂತ ಮುಂಚೆ ನಿಮ್ಮಮ್ಮ ಒಂದು ಗಂಡು ಹೆತ್ತಿದ್ಲು. ಅವನದ್ಯಾವುದು, ನೀನು ಹೇಳು."