ಕಾಶವ್ವನ ದವಡೆ ಹಲ್ಲು

ಸಾಕ್ಷಿ ಹೇಳಲು ಕಟಕಟೆ ಹತ್ತುವಾಗ ಕಾಶವ್ವನ ಕೆನ್ನೆ ಊದಿತ್ತು. ಆ ದವಡೆ ಹಲ್ಲನ್ನು ಅವಳು ಆಗಲೇ ಎರಡು ಸಲ ಕೀಳಿಸಿದ್ದಳು. ಆದರೆ ವಿಚಾರಣೆಯಲ್ಲಿ ತಪ್ಪಾಗಿದೆಯೆಂದು ಮೇಲಿನ ಕೋರ್ಟು ಹೇಳಿತೆಂದರೆ, ಅಂದು ಅಲ್ಲಿದ್ದವರಿಗೆಲ್ಲ ವಿಚಾರಣೆಯ ಆ ದಿನವೇ ಮೊದಲಿನಂತೆ ಮರಳಿ ಬರುತ್ತದೆ; ಈ ದಿನ ಬಂದದ್ದು ಇದು ಮೂರನೆಯ ಸಲ. ಹಲ್ಲೂ ಬರುತ್ತದೆ, ನೋವೂ ಬರುತ್ತದೆ.

ಟಗರು ಕದ್ದ ಆರೋಪ ಹೊತ್ತ ರಾಚಪ್ಪ ಕೈಕಟ್ಟಿ ನಿಂತಿದ್ದ. "ಟಗರು ಹೊಡಕೊಂಡು ಹೋದಾವ ರಾಚಪ್ಪನ ಕಂಬಳಿ ಹೊತ್ತಿದ್ದರಿ," ಎಂದು ಕಾಶವ್ವ ಸರ್ಕಾರಿ ವಕೀಲರಿಗೆ ಈ ಮೂರನೆಯ ಸಲವೂ ಅದನ್ನೇ ಹೇಳಿದಳು.

ನ್ಯಾಯಾಧೀಶರು ಹಳೆಯ ಚಾಳಿಯಂತೆ ಗಡಿಯಾರ ನೋಡಿದರು. ಊಟದ ಹೊತ್ತಾಗಿತ್ತು. "ಸಾಕು, ಇಳಿಯಮ್ಮ."

ಕಾಶವ್ವ ಕದಲಲಿಲ್ಲ. "ರಾಚಪ್ಪನ ವಕೀಲರು ನನ್ನ ಇನ್ನೂ ಏನೂ ಕೇಳಿಲ್ರಿ ಸಾಹೇಬರ. ಎರಡೂ ಸಲ ನೀವು ಇಲ್ಲೇ ತಪ್ಪಿದ್ರಿ. ಈ ಹಲ್ಲು ಮತ್ತ ಕೀಳಸೋದು ನನ್ನ ಕೈಲೆ ಆಗಂಗಿಲ್ರಿ."

ನ್ಯಾಯಾಧೀಶರು ಕೆಮ್ಮಿ, ರಾಚಪ್ಪನ ವಕೀಲರಿಗೆ ಸನ್ನೆ ಮಾಡಿದರು.

"ಕಂಬಳಿ ಹೊತ್ತವನ ಮುಖ ನೋಡಿದ್ಯೇನವ್ವಾ?" ಎಂದರು ವಕೀಲರು.

"ಇಲ್ರಿ. ಕಂಬಳಿ ಅಷ್ಟ ನೋಡೇನಿ."

ರಾಚಪ್ಪ ತಲೆಯೆತ್ತಿದ. ನ್ಯಾಯಾಧೀಶರ ಪೆನ್ನು ನಿಂತಿತು. "ಇದನ್ನು ಮೊದಲೇ ಯಾಕೆ ಹೇಳಲಿಲ್ಲ?"

ಕಾಶವ್ವ ಕೆನ್ನೆ ಒತ್ತಿ ಹಿಡಿದಳು. "ಕೇಳಿದ್ರ ಹೇಳತಿದ್ದೆರಿ. ನೀವು ಊಟಕ್ಕ ಹೊಂಟಿದ್ರಿ."